ನಿಮ್ಮ ಲೇಖನ ಶುರುವಾಗುವುದು ಏಳನೇ ಪ್ಯಾರಾದಲ್ಲಿ

ನಮಸ್ಕಾರ.

'ಬ್ರಹ್ಮಾಂಡವನ್ನು ಆಳುವ ಗುರುತ್ವ' ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ. ಅದನ್ನು ಹೇಳುವುದಕ್ಕೇ ಇಷ್ಟುದ್ದದ ಪತ್ರ.

ಲೇಖನದಲ್ಲಿ ಎಲ್ಲವೂ ಇದೆ. ನ್ಯೂಟನ್ ಇದ್ದಾರೆ, ಐನ್‌ಸ್ಟೈನ್ ಇದ್ದಾರೆ. ಕಪ್ಪುಕುಳಿ (ಬ್ಲ್ಯಾಕ್ ಹೋಲ್), ಗ್ಯಾಲಕ್ಸಿ, ಶನಿಯ ಉಂಗುರ, ಧೂಮಕೇತು, ಗುರುತ್ವದ ಅಲೆಗಳೂ ಇವೆ. ಒಂದೊಂದಕ್ಕೂ ನಾಲ್ಕೈದು ಸಾಲು. ಓದುಗರು ಒಂದರ ಹತ್ತಿರ ಹೋಗುವಷ್ಟರಲ್ಲಿ ನೀವು ಇನ್ನೊಂದಕ್ಕೆ ಹಾರಿರುತ್ತೀರಿ. ಎಲ್ಲ ಕಡೆಯೂ ಸಿಗುವುದು ಒಂದೇ ಮಾತು: ಗುರುತ್ವ ಎಳೆಯುತ್ತದೆ. ಅದು ಎಲ್ಲರಿಗೂ ಗೊತ್ತು. ಬರೀ ಎಳೆಯುವ ಒಂದು ಬಲದಿಂದ ಒಂದು ಕಡೆ ಜ್ವಾಲಾಮುಖಿ ಏಳುತ್ತದೆ, ಇನ್ನೊಂದು ಕಡೆ ಧೂಮಕೇತು ಚೂರಾಗುತ್ತದೆ, ಮತ್ತೊಂದು ಕಡೆ ಚಂದ್ರ ದೂರ ಸರಿಯುತ್ತಾನೆ. ಇದು ಹೇಗೆ ಎಂದು ಜಾಸ್ತಿ ಜನರಿಗೆ ಗೊತ್ತಿಲ್ಲ.

ಮೊದಲು ಎರಡು ತಪ್ಪು ಸರಿ ಮಾಡಿಬಿಡೋಣ. 'ಬಾಹ್ಯಾಕಾಶದಲ್ಲಿ ಗುರುತ್ವ ಇಲ್ಲದ್ದರಿಂದ ಗಗನಯಾತ್ರಿಗಳು ತೇಲುತ್ತಾರೆ' ಎಂದು ಬರೆದಿದ್ದೀರಿ. ಅದೇ ಪುಟದಲ್ಲಿ, ಬಾಹ್ಯಾಕಾಶ ನಿಲ್ದಾಣವು ಗುರುತ್ವದಿಂದಾಗಿ ಭೂಮಿಯನ್ನು ಸುತ್ತುತ್ತದೆ ಎಂದೂ ಬರೆದಿದ್ದೀರಿ. ಎರಡೂ ನಿಜವಾಗಲು ಸಾಧ್ಯವಿಲ್ಲ, ಅಲ್ವಾ? ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಅಲ್ಲಿ ಭೂಮಿಯ ಸೆಳೆತ ನೆಲದ ಮೇಲಿನದರ ಶೇ. 90ರ ಹತ್ತಿರ ಇದೆ. ನಿಲ್ದಾಣವೂ ಅದರೊಳಗಿನವರೂ ಒಟ್ಟಿಗೆ ಬೀಳುತ್ತಲೇ ಇದ್ದಾರೆ. ಆದರೆ ಸೆಕೆಂಡಿಗೆ ಏಳೂವರೆ ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಮುಂದಕ್ಕೂ ಹೋಗುತ್ತಿದ್ದಾರೆ. ಅವರು ಬಿದ್ದಷ್ಟೂ ಭೂಮಿಯ ಮೈ ಕೆಳಗೆ ಬಾಗಿಕೊಂಡು ಹೋಗುತ್ತದೆ. ಹಾಗಾಗಿ ಬೀಳುವುದು ಮುಗಿಯುವುದೇ ಇಲ್ಲ.

ಎರಡನೆಯದು, 'ಸುತ್ತಲಿನದೆಲ್ಲವನ್ನೂ ಹೀರುವ ರಾಕ್ಷಸ ಕಪ್ಪುಕುಳಿ'. ಸೂರ್ಯನ ಜಾಗದಲ್ಲಿ ಅಷ್ಟೇ ದ್ರವ್ಯರಾಶಿಯ ಕಪ್ಪುಕುಳಿ ಇಟ್ಟರೆ ಭೂಮಿ ಕತ್ತಲಾಗುತ್ತದೆ, ತಣ್ಣಗಾಗುತ್ತದೆ. ಆದರೆ ಅದೇ ಕಕ್ಷೆಯಲ್ಲಿ ಸುತ್ತುತ್ತಿರುತ್ತದೆ. ನಮ್ಮ ಗ್ಯಾಲಕ್ಸಿಯ ನಡುವೆ ಸೂರ್ಯನ ಸುಮಾರು 40 ಲಕ್ಷ ಪಟ್ಟು ತೂಗುವ ಕಪ್ಪುಕುಳಿ ಇದೆ. ಎಸ್2 ಎಂಬ ನಕ್ಷತ್ರ ಸುಮಾರು 16 ವರ್ಷಕ್ಕೊಮ್ಮೆ ಅದನ್ನು ಒಂದು ಸುತ್ತು ಹಾಕಿ ಬರುತ್ತದೆ. ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ಅವರ ತಂಡಗಳು ಇಂಥ ನಕ್ಷತ್ರಗಳ ಓಟವನ್ನು ವರ್ಷಗಟ್ಟಲೆ ಅಳೆದಿದ್ದರಿಂದಲೇ ಆ ಕಪ್ಪುಕುಳಿಯ ತೂಕ ಗೊತ್ತಾಗಿದ್ದು. ಅದಕ್ಕಾಗಿ 2020ರಲ್ಲಿ ಅವರಿಬ್ಬರಿಗೂ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಈ ತಾಳ್ಮೆಯ ಕೆಲಸವೇ 'ರಾಕ್ಷಸ'ನಿಗಿಂತ ಚೆನ್ನಾಗಿದೆ. 'ಅಗಾಧ', 'ಅದ್ಭುತ', 'ಊಹೆಗೂ ನಿಲುಕದ' ಇವನ್ನೆಲ್ಲ ತೆಗೆಯಿರಿ. ವಿಷಯವೇ ಸಾಕಷ್ಟು ದೊಡ್ಡದಿದೆ.

ಈಗ ಏಳನೇ ಪ್ಯಾರಾಕ್ಕೆ ಬರುತ್ತೇನೆ. ಅಲ್ಲಿ ಒಂದು ಸಾಲಿದೆ: 'ಚಂದ್ರ ವರ್ಷಕ್ಕೆ ಸುಮಾರು 3.8 ಸೆಂ.ಮೀ. ನಮ್ಮಿಂದ ದೂರ ಹೋಗುತ್ತಿದ್ದಾನೆ.' ಮುಂದಿನ ಸಾಲಿನಲ್ಲೇ ನೀವು ಶನಿಯ ಉಂಗುರಕ್ಕೆ ಹೋಗಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಎಳೆಯುವುದೊಂದೇ ಗೊತ್ತಿರುವ ಬಲ ಚಂದ್ರನನ್ನು ದೂರ ತಳ್ಳುವುದು ಹೇಗೆ? ಈ ಪ್ರಶ್ನೆಯಿಂದ ಶುರುಮಾಡಿ.

ಉತ್ತರ ಇರುವುದು ಸೆಳೆತದಲ್ಲಲ್ಲ, ಸೆಳೆತದ ವ್ಯತ್ಯಾಸದಲ್ಲಿ. ಚಂದ್ರನ ಕಡೆಗಿರುವ ಭೂಮಿಯ ಮಗ್ಗುಲಿಗೆ ಸೆಳೆತ ಜಾಸ್ತಿ, ಆಚೆಯ ಮಗ್ಗುಲಿಗೆ ಕಡಿಮೆ. ಈ ವ್ಯತ್ಯಾಸ ಭೂಮಿಯನ್ನು ಎರಡೂ ಕಡೆಗೆ ಹಿಗ್ಗಿಸುತ್ತದೆ. ನೆಲ ಸ್ವಲ್ಪ ಉಬ್ಬುತ್ತದೆ, ಸಮುದ್ರ ಜಾಸ್ತಿ ಉಬ್ಬುತ್ತದೆ. ಭೂಮಿ ದಿನಕ್ಕೊಂದು ಸುತ್ತು ತಿರುಗುತ್ತದೆ. ಚಂದ್ರ ಭೂಮಿಯನ್ನು ಒಮ್ಮೆ ಸುತ್ತಲು 27 ದಿನಕ್ಕೂ ಹೆಚ್ಚು ತೆಗೆದುಕೊಳ್ಳುತ್ತಾನೆ. ಹಾಗಾಗಿ ತಿರುಗುವ ಭೂಮಿ ಆ ಉಬ್ಬನ್ನು ಚಂದ್ರನಿಗಿಂತ ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಮುಂದಿರುವ ಉಬ್ಬು ಚಂದ್ರನನ್ನು ಮುಂದಕ್ಕೆ ಸೆಳೆಯುತ್ತದೆ. ಇದರಿಂದ ಶಕ್ತಿ ಪಡೆದ ಚಂದ್ರ ಇನ್ನೂ ದೊಡ್ಡ ಕಕ್ಷೆಗೆ ಏರುತ್ತಾನೆ. ಆ ಶಕ್ತಿ ಕೊಡುವುದು ಭೂಮಿಯ ತಿರುಗಾಟ. ಅದಕ್ಕೇ ನಮ್ಮ ದಿನ ನೂರು ವರ್ಷಕ್ಕೆ ಸುಮಾರು 2 ಮಿಲಿಸೆಕೆಂಡಿನಷ್ಟು ಉದ್ದವಾಗುತ್ತಿದೆ. 1969ರಲ್ಲಿ ಅಪೊಲೊ 11ರ ಗಗನಯಾತ್ರಿಗಳು ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕಗಳಿಗೆ ಇವತ್ತಿಗೂ ಲೇಸರ್ ಬಿಟ್ಟು ಈ ದೂರವನ್ನು ಅಳೆಯುತ್ತಾರೆ. ಆ 3.8ರ ಹಿಂದೆ ಇಷ್ಟೆಲ್ಲ ಇದೆ. ನೀವು ಬರೀ ಅಂಕಿ ಕೊಟ್ಟು ಮುಂದೆ ಹೋಗಿದ್ದೀರಿ.

ಇಲ್ಲಿ ಒಂದು ಲೆಕ್ಕವನ್ನೂ ಸೇರಿಸಿ, ಓದುಗರು ಹೆದರುವುದಿಲ್ಲ. ದೂರ ಎರಡರಷ್ಟಾದರೆ ಸೆಳೆತ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಸೆಳೆತದ ವ್ಯತ್ಯಾಸವೋ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಸೂರ್ಯ ಭೂಮಿಯನ್ನು ಚಂದ್ರನಿಗಿಂತ ಸುಮಾರು 180 ಪಟ್ಟು ಬಲವಾಗಿ ಸೆಳೆಯುತ್ತಾನೆ. ಆದರೂ ಉಬ್ಬರವಿಳಿತದಲ್ಲಿ ಅವನ ಪಾಲು ಚಂದ್ರನದರ ಅರ್ಧಕ್ಕಿಂತ ಕಡಿಮೆ. ಇದು ಅರ್ಥವಾದರೆ ಉಳಿದದ್ದೆಲ್ಲ ಸಲೀಸು.

ಆಮೇಲೆ ಗುರು ಗ್ರಹದ ಅಯೋ. ಇದಕ್ಕೆ ನೀವು ಕೊಟ್ಟಿರುವುದು 'ಸೌರಮಂಡಲದಲ್ಲೇ ಅತಿ ಹೆಚ್ಚು ಜ್ವಾಲಾಮುಖಿಗಳಿರುವ ಉಪಗ್ರಹ' ಎಂಬ ಒಂದೇ ಸಾಲು. ಇದು ನನ್ನ ತುಂಬ ಇಷ್ಟದ ಭಾಗ, ಆದ್ದರಿಂದ ಸ್ವಲ್ಪ ಒತ್ತಾಯ ಮಾಡುತ್ತೇನೆ. ಅಯೋ ನಮ್ಮ ಚಂದ್ರನಿಗಿಂತ ತುಸುವೇ ದೊಡ್ಡದು. ಗುರುವಿನಿಂದ ಅದಕ್ಕಿರುವ ದೂರವೂ ನಮಗೂ ಚಂದ್ರನಿಗೂ ಇರುವ ದೂರದ ಆಸುಪಾಸೇ. ಆದರೆ ಗುರುವಿನ ದ್ರವ್ಯರಾಶಿ ಭೂಮಿಯ ಸುಮಾರು 318 ಪಟ್ಟು. ಅಯೋ ನಾಲ್ಕು ಸುತ್ತು ಹಾಕುವಷ್ಟರಲ್ಲಿ ಯುರೋಪಾ ಎರಡು, ಗ್ಯಾನಿಮೀಡ್ ಒಂದು ಸುತ್ತು ಮುಗಿಸುತ್ತವೆ. ಹೀಗೆ ತಾಳ ತಪ್ಪದೆ ಎಳೆಯುತ್ತಿರುವ ಈ ಎರಡು ಉಪಗ್ರಹಗಳು ಅಯೋದ ಕಕ್ಷೆ ಪೂರ್ತಿ ವೃತ್ತವಾಗಲು ಬಿಡುವುದಿಲ್ಲ. ಗುರುವಿನ ಹತ್ತಿರ ಬಂದಾಗ ಅಯೋ ಹೆಚ್ಚು ಹಿಗ್ಗುತ್ತದೆ, ದೂರ ಹೋದಾಗ ಸಡಿಲವಾಗುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಬಿಸಿಯಾಗುತ್ತದಲ್ಲ, ಹಾಗೆ ಒಳಗಿನ ಬಂಡೆ ಕಾಯುತ್ತದೆ, ಕರಗುತ್ತದೆ. ವಿಜ್ಞಾನಿ ಸ್ಟಾಂಟನ್ ಪೀಲ್ ಮತ್ತು ಅವರ ಇಬ್ಬರು ಸಂಗಡಿಗರು ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ 1979ರ ಮಾರ್ಚ್ ಆರಂಭದಲ್ಲಿ ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ವಾಯೇಜರ್ 1 ನೌಕೆ ಅಯೋದ ಪಕ್ಕದಲ್ಲಿ ಹಾದುಹೋಯಿತು. ಅದು ಕಳಿಸಿದ ಚಿತ್ರವೊಂದರಲ್ಲಿ ನೌಕೆಯ ತಂಡದ ಲಿಂಡಾ ಮೊರಾಬಿಟೊ ಅವರಿಗೆ ಜ್ವಾಲಾಮುಖಿಯ ಚಿಮ್ಮು ಕಂಡಿತು. ಇಂಥ ಘಟನೆ ಕೈಯಲ್ಲಿದ್ದೂ ಒಂದು ಸಾಲಿಗೆ ಮುಗಿಸುವುದು ಸರಿಯಲ್ಲ.

ಹಿಗ್ಗಿಸುವ ಬಲ ಇನ್ನೂ ಜಾಸ್ತಿಯಾದರೆ ಕಾಯವೇ ಒಡೆಯುತ್ತದೆ. ಶೂಮೇಕರ್-ಲೆವಿ 9 ಧೂಮಕೇತುವನ್ನು ನೀವು 'ಗುರುವಿಗೆ ಡಿಕ್ಕಿ ಹೊಡೆದದ್ದು' ಎಂದಷ್ಟೇ ಹೇಳಿದ್ದೀರಿ. 1994ರ ಡಿಕ್ಕಿಗಿಂತ ಮುಂಚೆ, 1992ರಲ್ಲಿ ಗುರುವಿನ ತೀರಾ ಹತ್ತಿರ ಹಾದಾಗಲೇ ಅದು ಚೂರುಚೂರಾಗಿತ್ತು. ಆ ಒಡೆತವನ್ನು ಹೇಳಿ. ಹೀಗೆ ಒಡೆದ ಚೂರುಗಳು ಗ್ರಹದ ಸುತ್ತ ಉಂಗುರವಾಗಬಹುದು, ಆಗ ಶನಿಯ ಉಂಗುರದ ಮಾತಿಗೂ ಲೇಖನದಲ್ಲಿ ಜಾಗ ಸಿಗುತ್ತದೆ.

ಗ್ರಹಗಳು ಗುಂಡಗಿರುವುದರ ಬಗ್ಗೆ ಬರೆದದ್ದು ಸರಿಯಿದೆ. ಆದರೆ ಅದು ಬೇರೆ ವಿಷಯ. ಗುರುತ್ವದ ಅಲೆಗಳೂ ಐನ್‌ಸ್ಟೈನ್ ಕೂಡ ಬೇರೆ ಲೇಖನಕ್ಕೆ ಇರಲಿ. ನಾಲ್ಕು ಸಾಲಿನಲ್ಲಿ ಅವರಿಗೆ ನ್ಯಾಯ ಸಿಗುವುದಿಲ್ಲ. ಬರೆದದ್ದನ್ನು ಬಿಡಲು ಕಷ್ಟವಾಗುತ್ತದೆ, ಗೊತ್ತು. ಆದರೂ ಬಿಡಿ.

ನೀವು ಬರೆಯದೇ ಇರುವ ಒಂದನ್ನು ಸೇರಿಸಿ. ಮಂಗಳನ ಉಪಗ್ರಹ ಫೋಬೋಸ್. ಮಂಗಳ ಒಮ್ಮೆ ತಿರುಗಲು 24 ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕು. ಫೋಬೋಸ್ ಎಂಟು ಗಂಟೆಯೊಳಗೆ ಒಂದು ಸುತ್ತು ಮುಗಿಸುತ್ತದೆ. ಅಂದರೆ ಇಲ್ಲಿ ಉಬ್ಬು ಉಪಗ್ರಹದ ಹಿಂದೆ ಉಳಿಯುತ್ತದೆ, ಅದನ್ನು ಹಿಂದಕ್ಕೆ ಜಗ್ಗುತ್ತದೆ. ಚಂದ್ರನನ್ನು ದೂರ ಕಳಿಸುವ ನಿಯಮವೇ ಫೋಬೋಸನ್ನು ನೂರು ವರ್ಷಕ್ಕೆ ಸುಮಾರು 1.8 ಮೀಟರ್ ಒಳಕ್ಕೆ ತರುತ್ತಿದೆ. ಕೆಲವು ಕೋಟಿ ವರ್ಷಗಳಲ್ಲಿ ಅದು ಮಂಗಳಕ್ಕೆ ಅಪ್ಪಳಿಸಬಹುದು, ಇಲ್ಲವೇ ಒಡೆದು ಉಂಗುರವಾಗಬಹುದು. ಚಂದ್ರನ ಭಾಗ ಮುಗಿದ ಕೂಡಲೇ ಇದನ್ನು ಇಡಿ. ಓದುಗರು ಆಗ ಅಯೋಗೆ ತಯಾರಾಗಿರುತ್ತಾರೆ.

ಪರಿಷ್ಕರಿಸಿದ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ. ಚಂದ್ರನ ಉಬ್ಬಿಗೆ ಒಂದು ಚಿತ್ರ ಬೇಕಾಗುತ್ತದೆ. ಪೆನ್ಸಿಲ್‌ನಲ್ಲಿ ಬರೆದು ಕೊಟ್ಟರೂ ಸಾಕು, ನಮ್ಮ ಕಲಾವಿದರು ಅಂದವಾಗಿ ಮಾಡುತ್ತಾರೆ. ಉಬ್ಬು ಚಂದ್ರನ ನೇರಕ್ಕೆ ಬಾರದೆ ಸ್ವಲ್ಪ ಮುಂದೆ ಇರುವಂತೆ ಮಾತ್ರ ನೋಡಿಕೊಳ್ಳಿ.

ವಿಶ್ವಾಸದಿಂದ,
ಸಂಪಾದಕ