ಹೊಸ ಟಗ್ ಮುಟ್ಟಿಸೋ ಕೆಲಸಕ್ಕೆ ಹೋಗಲಾ, ದೊಡ್ಡ ಹಡಗಿಗೆ ಕಾಯಲಾ?

ಯಾದಗಿರಿಯವರು, ಡೀಸೆಲ್ ಮೆಕ್ಯಾನಿಕ್ ಐಟಿಐ, ಮಲ್ಪೆಯಿಂದ ಒಡಿಶಾದ ಪಾರಾದೀಪ ಬಂದರಿಗೆ ಹೊಸ ಟಗ್ (ದೊಡ್ಡ ಹಡಗುಗಳನ್ನ ಎಳೆಯೋ, ತಳ್ಳೋ ಬೋಟು) ಮುಟ್ಟಿಸೋಕೆ ಕರೆದಿದ್ದಾರೆ, ಅಷ್ಟು ಚಿಕ್ಕ ಬೋಟಿನಲ್ಲಿ ಹೋಗಬಹುದಾ ಅಂತ ಕೇಳಿದ್ದೀರಿ. ನಾನು ಕಲಬುರಗಿಯವನು. ಬೇಳೆ ಮಿಲ್ಲುಗಳಲ್ಲಿ ಮೋಟರ್ ರಿಪೇರಿ ಮಾಡಿಕೊಂಡಿದ್ದವನು ಇದೇ ದಾರಿಯಲ್ಲಿ ಹೋಗಿದ್ದೆ.

ಚಿಕ್ಕದು ಅನ್ನೋ ಹೆದರಿಕೆ ಬಿಡಿ. ಉದ್ದ 30 ಮೀಟರ್ ಆಸುಪಾಸು ಇದ್ದರೂ 60 ಟನ್ ಜಗ್ಗೋ ಶಕ್ತಿ ಇರುತ್ತೆ. ಬಾಗಿಲು, ಹ್ಯಾಚ್ ಸರಿಯಾಗಿ ಮುಚ್ಚಿದ್ದರೆ ಸಮುದ್ರ ತಡೆಯುತ್ತೆ. ಆದರೆ ಬಂದರಿನೊಳಗೆ ಹಡಗು ತಳ್ಳೋಕೆ ಮಾಡಿದ ಬೋಟು ಅದು, ಹೊರಗೆ ಬಂದರೆ ವಿಪರೀತ ಓಲಾಡುತ್ತೆ.

ರಾಮೇಶ್ವರದ ಹತ್ತಿರ ಸೀದಾ ನುಗ್ಗಿ ಹೋಗ್ತಾರೆ ಅಂದುಕೊಂಡಿದ್ದೆ. ಅಲ್ಲಿ ಆಳವೇ ಇಲ್ಲ, ಶ್ರೀಲಂಕಾ ಸುತ್ತು ಹಾಕಬೇಕು, ಅದೂ 10 ನಾಟ್‌ನಲ್ಲಿ, ಅಂದರೆ ಗಂಟೆಗೆ ಹದಿನೆಂಟೂವರೆ ಕಿಲೋಮೀಟರ್. ಲಂಕೆಯ ದಕ್ಷಿಣಕ್ಕೆ ಅಲೆ ಜೋರಾದಾಗ ಒಂದು ಎಂಜಿನ್ನಿಗೆ ಡೀಸೆಲ್ ಸಾಲದೆ ಬಂತು. ಹೊಸ ಟ್ಯಾಂಕು ಅಲ್ವಾ, ವೆಲ್ಡಿಂಗ್ ಚೂರು, ತುಕ್ಕು ಎಲ್ಲ ತಳದಲ್ಲಿ ಸುಮ್ನೆ ಕೂತಿರುತ್ತೆ, ಟ್ರಯಲ್‌ನಲ್ಲಿ ಗೊತ್ತೇ ಆಗಲ್ಲ, ಓಲಾಡೋಕೆ ಶುರುವಾದ ಕೂಡಲೇ ಎದ್ದು ಬಂದು ಫಿಲ್ಟರ್ ಕಟ್ಟಿಕೊಳ್ಳುತ್ತೆ. ಚೀಫ್ ಎಂಜಿನಿಯರ್ ಇನ್ನೊಂದು ಫಿಲ್ಟರಿಗೆ ತಿರುಗಿಸಿದರು, ಕಟ್ಟಿದ್ದನ್ನ ನಾನು ಬಿಚ್ಚಿದೆ. ಒಳಗೆ ಕಪ್ಪು ಮರಳು, ಅದರಲ್ಲಿ ಸುತ್ತಿಕೊಂಡ ವೇಸ್ಟ್ ಬಟ್ಟೆಯ ದಾರ. ಒಂದು ಕೈಯಲ್ಲಿ ಪೈಪ್ ಹಿಡಿದು, ಇನ್ನೊಂದು ಕೈಯಲ್ಲಿ ತೊಳೆಯೋದು. ಮಿಲ್ಲಿನಲ್ಲಿ ವರ್ಷಗಟ್ಟಲೆ ಕಲಿಯದ್ದನ್ನ ಅಲ್ಲಿ ಕಲಿತೆ. ದೊಡ್ಡ ಹಡಗಲ್ಲಿ ಹೊಸಬರಿಗೆ ಪೇಂಟ್ ಕೆರೆಯೋದೇ ಜಾಸ್ತಿ, ಹಾಗಾಗಿ ದೊಡ್ಡದು ಮೇಲು ಅನ್ನೋ ಲೆಕ್ಕವನ್ನೇ ನಾನು ಒಪ್ಪಲ್ಲ.

ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಸಿಡಿಸಿಯಲ್ಲಿ, ಅಂದರೆ ಹಡಗಿನ ಕೆಲಸದವರ ದಾಖಲೆ ಪುಸ್ತಕದಲ್ಲಿ, ಎಂಟ್ರಿ ಆಗುತ್ತಾ? ಸೈನ್ ಆನ್, ಸೈನ್ ಆಫ್ (ಕೆಲಸಕ್ಕೆ ಹತ್ತಿದ, ಇಳಿದ) ತಾರೀಖು, ಕ್ಯಾಪ್ಟನ್ ಸಹಿ, ಸೀಲು, ಇಷ್ಟು ಬೇಕು. ಕಳಿಸಿದ ಏಜೆಂಟ್ "ಸಣ್ಣ ಟ್ರಿಪ್ಪು, ಆಮೇಲೆ ಹಾಕಿಸೋಣ" ಅಂದ. ನಾನು ಹೂಂ ಅಂತ ತಲೆ ಆಡಿಸಿದೆ. ಪಾರಾದೀಪದಲ್ಲಿ ಇಳಿಯೋವಾಗ ಸಿಡಿಸಿ ನನ್ನ ಬ್ಯಾಗಲ್ಲೇ ಇತ್ತು, ಕ್ಯಾಪ್ಟನ್ ನಾಲ್ಕು ಹೆಜ್ಜೆ ದೂರದಲ್ಲಿ ಚಹಾ ಕುಡಿತಾ ನಿಂತಿದ್ದರು. ಕೇಳಿದ್ದರೆ ಎರಡು ನಿಮಿಷದ ಕೆಲಸ. ಊರಿಗೆ ಹೋಗೋ ರೈಲಿನ ಅವಸರ ನನಗೆ. ಆಮೇಲೆ ಏಜೆಂಟ್ ಫೋನ್ ಎತ್ತಲಿಲ್ಲ, ಕ್ಯಾಪ್ಟನ್ ಬೇರೆ ಹಡಗಿಗೆ ಹೋಗಿಬಿಟ್ಟರು. ವಾಚ್‌ಕೀಪಿಂಗ್ ಸರ್ಟಿಫಿಕೇಟಿಗೆ (ಎಂಜಿನ್ ರೂಮಿನಲ್ಲಿ ಪಾಳಿ ನೋಡಿಕೊಳ್ಳೋ ಅರ್ಹತಾ ಪತ್ರ) ಸಮುದ್ರದಲ್ಲಿ ದುಡಿದ ದಿನಗಳ ದಾಖಲೆ ಕೇಳಿದಾಗ ತೋರಿಸೋಕೆ ನನ್ನ ಹತ್ತಿರ ಇದ್ದದ್ದು ಮೊಬೈಲಿನ ಫೋಟೋ. ಆ ದಿನಗಳೆಲ್ಲ ನೀರು ಪಾಲು, ಮತ್ತೆ ಮೊದಲಿಂದ ಶುರು ಮಾಡಿದೆ. ಅದಕ್ಕೇ ಹತ್ತೋಕೆ ಮೊದಲೇ ಒಪ್ಪಂದದ ಕಾಗದದಲ್ಲಿ ಹೆಸರು ಇದೆಯಾ ನೋಡಿ, ಇಳಿಯೋ ದಿನ ಸಹಿ ಬೀಳದೆ ಗ್ಯಾಂಗ್‌ವೇ (ದಡಕ್ಕೆ ಇಳಿಯೋ ಹಲಗೆ) ಮೇಲೆ ಕಾಲಿಡಬೇಡಿ. ಕ್ಯಾಪ್ಟನ್ ಬೈದರೆ ಬೈಸಿಕೊಳ್ಳಿ.

ಜೂನ್‌ನಿಂದ ಆಗಸ್ಟ್ ಒಳಗೆ ಹೊರಡೋದಾದರೆ ಮಾತ್ರ ಬೇಡ ಅನ್ನಿ, ಮಳೆಗಾಲದ ಅರಬ್ಬೀ ಸಮುದ್ರ ಮೊದಲ ಸಲದವರಿಗಲ್ಲ.

ವಾಂತಿ ಆಗುತ್ತಾ ಅಂತಲೂ ಕೇಳಿದ್ದೀರಿ. ಆಗುತ್ತೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ, ಡಬ್ಬಿ ಮಾತ್ರ ಗಟ್ಟಿ ಮುಚ್ಚಳದ್ದಿರಲಿ. ಕೊಚ್ಚಿ ಬಂದರು ದಾಟೋದರೊಳಗೆ ನನ್ನ ರೊಟ್ಟಿ ಉಪ್ಪುಗಾಳಿಗೆ ಮೆತ್ತಗಾಗಿತ್ತು.