ವೈಶಾಖದ ಮಧ್ಯಾಹ್ನದ ಮದುವೆಗೆ ಕಲಬುರಗಿಯಲ್ಲಿ ಯಾವ ಮಂಟಪ ಹಿಡಿಯಬೇಕು?

ತಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ತಂಗಿಯ ಮದುವೆ ವೈಶಾಖದಲ್ಲಿ, ಅಕ್ಷತೆ ಮಧ್ಯಾಹ್ನ ಹನ್ನೆರಡೂವರೆಗೆ. ತಮ್ಮ ಊರು ಆಳಂದ ತಾಲ್ಲೂಕಿನ ಹಳ್ಳಿ, ಬರುವವರು ಸುಮಾರು 1200 ಮಂದಿ. ರಿಂಗ್ ರಸ್ತೆಯ ಹೊಸ ಎ.ಸಿ. ಫಂಕ್ಷನ್ ಹಾಲ್, ನಗರದೊಳಗಿನ ಹಳೆಯ ಕಲ್ಯಾಣ ಮಂಟಪ, ಊರ ಹೊರಗಿನ ಲಾನ್, ಈ ಮೂರರಲ್ಲಿ ಯಾವುದನ್ನು ಹಿಡಿಯಬೇಕೆಂದು ಕೇಳಿದ್ದೀರಿ. ನಾನು ಕಲಬುರಗಿಯವನು. ನಮ್ಮ ಬಳಗದ ಮದುವೆಗಳಿಗೆ ಮಂಟಪ ಗೊತ್ತು ಮಾಡುವ ಓಡಾಟ ಬಹಳ ವರ್ಷಗಳಿಂದ ನನ್ನ ಪಾಲಿಗಿದೆ. ವೇದಿಕೆ ನೋಡಿ ಮಂಟಪ ಹಿಡಿಯಬೇಡಿ, ಊಟದ ಮನೆ, ನೀರು ಮತ್ತು ನೆರಳು ನೋಡಿ ಹಿಡಿಯಿರಿ ಎಂಬುದೇ ನನ್ನ ಉತ್ತರ.

ವೇದಿಕೆಯನ್ನು ಹೂವು, ಬಟ್ಟೆ, ದೀಪಗಳಿಂದ ಎಲ್ಲಿಯಾದರೂ ಚೆಂದಗಾಣಿಸಬಹುದು. ಅಕ್ಷತೆ ಬೀಳುವುದು ಕೆಲವೇ ನಿಮಿಷಗಳ ಕಾರ್ಯ. ಅದು ಮುಗಿದ ಕೂಡಲೇ, ಆಹೇರಿ (ಮದುವೆಯ ಉಡುಗೊರೆ) ಕೊಡುವ ಹತ್ತಿರದವರನ್ನು ಬಿಟ್ಟು, ಉಳಿದವರೆಲ್ಲ ಒಟ್ಟಿಗೆ ಊಟದ ಮನೆಯ ಕಡೆ ಹೊರಡುತ್ತಾರೆ. ಕಲಬುರಗಿಯ ಏಪ್ರಿಲ್, ಮೇ ತಿಂಗಳ ಬಿಸಿಲು 42–43 ಡಿಗ್ರಿ ಮುಟ್ಟುವ ಹೊತ್ತೂ ಅದಕ್ಕೆ ಹತ್ತಿರದ್ದೇ. ಬೆಳಿಗ್ಗೆ ಕ್ರೂಸರ್ ಹತ್ತಿ ಬಂದ ವಯಸ್ಸಾದವರು, ಕಂಕುಳಲ್ಲಿ ಕೂಸು ಹೊತ್ತ ತಾಯಂದಿರು ಆ ಹೊತ್ತಿನಲ್ಲಿ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತಿಗೆ ಅವರ ಎಲೆಗೆ ಅನ್ನ ಬೀಳುತ್ತದೆ ಎಂಬುದರ ಮೇಲೆ ತಮ್ಮ ಆತಿಥ್ಯ ನಿಂತಿದೆ.

ಆದ್ದರಿಂದ ಮೂರೂ ಜಾಗಗಳನ್ನು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ಸಾಧ್ಯವಾದರೆ ಅಲ್ಲಿ ಬೇರೆಯವರ ಮದುವೆ ನಡೆದಿರುವ ದಿನವೇ, ಹೋಗಿ ನೋಡಿ. ಸಂಜೆ ದೀಪ ಹಾಕಿ ತೋರಿಸಿದರೆ ಎಲ್ಲ ಹಾಲ್‌ಗಳೂ ಒಪ್ಪವಾಗಿಯೇ ಕಾಣುತ್ತವೆ. ಊಟದ ಮನೆಯ ಮೇಲೆ ತಗಡಿನ ಶೀಟ್ ಹೊದಿಸಿದ್ದರೆ ಅದರ ಕಾವು ಎಷ್ಟೆಂದು ತಿಳಿಯುವುದು ನಡುಹಗಲಿನಲ್ಲಿ ಮಾತ್ರ. ನಮ್ಮ ಕಡೆಯ ಅಂಗಳಗಳಿಗೆ ಶಹಾಬಾದಿ ಫರಸಿ ಹಾಕಿರುತ್ತಾರೆ. ಚಪ್ಪಲಿ ಬಿಟ್ಟು ಮಂಟಪಕ್ಕೆ ಬಂದವರು ಊಟಕ್ಕೆ ಹೋಗುವಾಗ ಆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಬೇಕಾಗುತ್ತದೆಯೇ ಎಂಬುದನ್ನು ತಪ್ಪದೆ ಗಮನಿಸಿ. ನನ್ನ ಸಂಬಂಧಿಕರ ಮದುವೆಯೊಂದರಲ್ಲಿ ಹಾಲ್ ತಂಪಾಗಿಯೇ ಇತ್ತು, ಆದರೆ ಊಟದ ಸರದಿ ಹೊರಗಿನ ತಗಡಿನ ಚಾವಣಿಯ ಕೆಳಗೆ ನಿಂತಿತ್ತು. ಅಲ್ಲಿ ಒಬ್ಬ ಹಿರಿಯರು ತಲೆ ತಿರುಗಿ ಕುಸಿದರು. ಅಂದಿನಿಂದ ನಾನು ಎಲ್ಲಿಗೆ ಹೋದರೂ ಮೊದಲು ನೋಡುವುದು ಊಟದ ಮನೆಯನ್ನೇ.

ಈಗ ಲೆಕ್ಕಕ್ಕೆ ಬರೋಣ. ಹೋಳಿಗೆ ತುಪ್ಪ, ರೊಟ್ಟಿ, ಎಣ್ಣೆಗಾಯಿ, ಅನ್ನ ಸಾರು ಇಷ್ಟನ್ನೂ ಕೂಡಿಸಿ ಬಡಿಸಿ, ಎಲೆ ತೆಗೆದು, ಟೇಬಲ್ ಒರೆಸಿ ಮುಂದಿನವರನ್ನು ಕೂಡಿಸಲು ಒಂದು ಪಂಕ್ತಿಗೆ ಸುಮಾರು 40 ನಿಮಿಷ ಬೇಕು. ಒಮ್ಮೆಗೆ 300 ಮಂದಿ ಕೂರುವ ಊಟದ ಮನೆಯಿದ್ದರೆ 1200 ಮಂದಿ ನಾಲ್ಕು ಪಂಕ್ತಿಯಲ್ಲಿ, ಅಂದರೆ ಎರಡೂ ಮುಕ್ಕಾಲು ಗಂಟೆಯೊಳಗೆ ಉಂಡೇಳುತ್ತಾರೆ. 150 ಮಂದಿಯ ಜಾಗವಾದರೆ ಎಂಟು ಪಂಕ್ತಿಯಾಗುತ್ತದೆ, ಕೊನೆಯವರು ಏಳುವಾಗ ಸಂಜೆ ಆರು ಗಂಟೆ ಸಮೀಪಿಸಿರುತ್ತದೆ. ಮಾಲೀಕರು ಹೇಳುವ ಆಸನಗಳ ಸಂಖ್ಯೆ ಹೆಚ್ಚಾಗಿ ಮದುವೆಯ ಹಾಲ್‌ನದು, ಊಟದ ಮನೆಯದಲ್ಲ. ತಾವೇ ಟೇಬಲ್ ಎಣಿಸಿಕೊಳ್ಳಿ. ಬಫೆ ಇಟ್ಟರೆ ಜಾಗ ಕಡಿಮೆ ಸಾಕೆಂಬ ಮಾತು ನಿಜ. ಆದರೆ ಹಳ್ಳಿಯಿಂದ ಬರುವ ಹಿರಿಯರಿಗೆ ತಟ್ಟೆ ಹಿಡಿದು ನಿಂತು ಉಣ್ಣುವುದು ಹಿತವೆನಿಸುವುದಿಲ್ಲ. ಕೂರಿಸಿ ಬಡಿಸುವುದನ್ನೇ ನಾನು ಬಯಸುತ್ತೇನೆ. ಊಟದ ಮನೆ ನೆಲಮಾಳಿಗೆಯಲ್ಲೋ ಮಹಡಿಯಲ್ಲೋ ಇದ್ದರೆ ಮೊಣಕಾಲು ನೋವಿನವರಿಗಾಗಿ ಕೆಳಗೆ ಒಂದು ಸಾಲು ಟೇಬಲ್ ಹಾಕಲು ಒಪ್ಪುವರೇ ಎಂದು ಕೇಳಿ. ಹೊರಗೆ ಹೋಗಲು ಕನಿಷ್ಠ ಎರಡು ಅಗಲವಾದ ಬಾಗಿಲುಗಳಿರಲಿ, ಅವುಗಳ ಮುಂದೆ ಕುರ್ಚಿ ಪೇರಿಸಿರಬಾರದು.

ಅಡುಗೆಯವರ ವಿಷಯವನ್ನು ಮುಂಗಡ ಕೊಡುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಕೆಲವು ಹೊಸ ಹಾಲ್‌ಗಳಲ್ಲಿ ಅವರದೇ ಅಡುಗೆಯವರನ್ನು ತೆಗೆದುಕೊಳ್ಳಬೇಕೆಂಬ ಕರಾರು ಇರುತ್ತದೆ. ಊರಿನಿಂದ ನಂಬಿಕೆಯ ಅಡುಗೆಯವರನ್ನು ಕರೆತರುವ ಆಲೋಚನೆ ತಮಗಿದ್ದರೆ ಅಲ್ಲಿಗೆ ಮಾತು ಮುಗಿಯುತ್ತದೆ. ಕಟಿ ರೊಟ್ಟಿಯನ್ನು (ಒಣಗಿಸಿದ ಗರಿಗರಿ ರೊಟ್ಟಿ) ಮೊದಲೇ ಮಾಡಿಸಿ ತರುವುದಾದರೆ ಅದನ್ನು ಇಡಲು ತೇವವಿಲ್ಲದ, ಬೀಗ ಹಾಕುವ ಕೋಣೆ ಬೇಕು.

ನೀರಿನ ವಿಚಾರವನ್ನು ಬೆಂಗಳೂರಿನಲ್ಲಿರುವವರು ಹಗುರವಾಗಿ ತೆಗೆದುಕೊಳ್ಳುತ್ತಾರೆಂದು ನನ್ನ ಭಾವನೆ. ಕಲಬುರಗಿ ನಗರಕ್ಕೆ ನೀರು ಬರುವುದು ಭೀಮಾ ನದಿಯ ಸರಡಗಿ ಬ್ಯಾರೇಜ್ ಮತ್ತು ಬೆಣ್ಣೆತೊರಾ ಜಲಾಶಯದಿಂದ, ಬೇಸಿಗೆಯಲ್ಲಿ ಎರಡರಲ್ಲೂ ನೀರು ತಗ್ಗುತ್ತದೆ. ಅಡುಗೆ, ಕುಡಿಯುವುದು, ಕೈ ತೊಳೆಯುವುದು, ಪಾತ್ರೆ, ಶೌಚಾಲಯ ಎಲ್ಲ ಸೇರಿ ಒಬ್ಬರಿಗೆ 12ರಿಂದ 15 ಲೀಟರ್ ಎಂದು ನಾನು ಹಿಡಿಯುತ್ತೇನೆ. 1200 ಮಂದಿಗೆ ಅದು 14,400ರಿಂದ 18,000 ಲೀಟರ್ ಆಗುತ್ತದೆ. ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ. ಸ್ಟೀಲ್ ತಟ್ಟೆ ಬಳಸಿದರೆ ತೊಳೆಯುವ ನೀರು ಇನ್ನೂ ಹೆಚ್ಚು, ಬಾಳೆ ಎಲೆ ಅಥವಾ ಪತ್ರಾವಳಿಯಾದರೆ ಅಷ್ಟು ಉಳಿತಾಯ. ಕೊಳವೆಬಾವಿ ಮೇ ತಿಂಗಳಲ್ಲಿಯೂ ನೀರು ಕೊಡುತ್ತದೆಯೇ, ತೊಟ್ಟಿ ಎಷ್ಟು ಲೀಟರಿನದು, ಟ್ಯಾಂಕರ್ ತರಿಸಿದರೆ ಹಣ ಯಾರದು, ಈ ಪ್ರಶ್ನೆಗಳನ್ನು ಮಾಲೀಕರಿಗೆ ಮಾತ್ರವಲ್ಲ, ಅಲ್ಲಿನ ಕಾವಲುಗಾರರಿಗೂ ಕೇಳಿ.

ಎ.ಸಿ. ಬೇಕೇ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಹಲವರಿಗಿಂತ ಬೇರೆ. ಸಾವಿರ ಜನ ಬಂದು ಹೋಗುವಾಗ ಬಾಗಿಲುಗಳು ಮುಚ್ಚಿರುವುದೇ ಇಲ್ಲ, ತಂಪು ನಿಲ್ಲುವುದಿಲ್ಲ. ಅದರ ಶುಲ್ಕ ಮಾತ್ರ ಹಲವೆಡೆ ಬಾಡಿಗೆಯಿಂದ ಪ್ರತ್ಯೇಕವಾಗಿರುತ್ತದೆ. ನಮ್ಮ ಬೇಸಿಗೆಯ ಗಾಳಿ ಒಣ ಗಾಳಿಯಾದ್ದರಿಂದ ನೀರಿನ ಕೂಲರ್‌ಗಳು ಇಲ್ಲಿ ಕರಾವಳಿಗಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತವೆ. ಎತ್ತರದ ಚಾವಣಿ, ಎದುರುಬದುರು ಕಿಟಕಿ, ಸಾಕಷ್ಟು ದೊಡ್ಡ ಕೂಲರ್‌ಗಳಿದ್ದರೆ ಹಳೆಯ ಮಂಟಪವೇ ಹಿತವಾಗಿರುತ್ತದೆ. ಜೆಸ್ಕಾಂ ವಿದ್ಯುತ್ ಹೋದಾಗ ಜನರೇಟರ್ ದೀಪ, ಫ್ಯಾನುಗಳನ್ನಷ್ಟೇ ನಡೆಸುತ್ತದೆಯೋ, ಎ.ಸಿ. ಮತ್ತು ನೀರಿನ ಪಂಪನ್ನೂ ನಡೆಸುತ್ತದೆಯೋ, ಡೀಸೆಲ್ ಗಂಟೆಗೆ ಎಷ್ಟೆಂದು ಲೆಕ್ಕ ಹಾಕುತ್ತಾರೋ ಕೇಳಿ ಬರೆಸಿಕೊಳ್ಳಿ.

ಲಾನ್ ಬೇಡ. ಸಂಜೆಯ ಆರತಕ್ಷತೆಗಾದರೆ ಯೋಚಿಸಬಹುದಿತ್ತು, ಮಧ್ಯಾಹ್ನದ ಅಕ್ಷತೆಗೆ ಬಟ್ಟೆಯ ಹಂದರ ಈ ಬಿಸಿಲನ್ನು ತಡೆಯದು. ವೈಶಾಖದಲ್ಲಿ ಗಾಳಿ, ಗುಡುಗು, ಒಮ್ಮೊಮ್ಮೆ ಆಲಿಕಲ್ಲಿನೊಂದಿಗೆ ಅಡ್ಡಮಳೆ ಬರುತ್ತದೆ. ಊರ ಹೊರಗಿನ ನೆಲ ಎರೆ ಮಣ್ಣಿನದು, ಅರ್ಧ ಗಂಟೆಯ ಮಳೆ ಬಿದ್ದರೂ ನಿಂತ ವಾಹನಗಳ ಗಾಲಿ ಹೂತು ಹೋಗುತ್ತವೆ.

ಕರಾರು ಬಾಯಿಮಾತಿನದಾಗಬಾರದು. ಹಾಲ್ ಹಿಂದಿನ ದಿನ ಎಷ್ಟು ಗಂಟೆಗೆ ಕೈಗೆ ಬರುತ್ತದೆ, ಮದುವೆಯ ದಿನ ಎಷ್ಟಕ್ಕೆ ಬಿಡಬೇಕು ಎಂಬುದನ್ನು ಬರೆಸಿ. ಅರಿಶಿಣ, ಸುರಗಿ (ಮದುಮಕ್ಕಳಿಗೆ ನೀರು ಹಾಕುವ ಶಾಸ್ತ್ರ) ಅಲ್ಲಿಯೇ ಆಗಬೇಕಾದರೆ ಹಿಂದಿನ ಸಂಜೆಯೇ ಜಾಗ ಬೇಕು, ಬೀಗರ ಬಿಡಾರಕ್ಕೆ ಕೋಣೆಗಳೂ ಬೇಕು. ಸ್ವಚ್ಛತೆ, ವಿದ್ಯುತ್, ಪಾತ್ರೆ, ಹಿಂತಿರುಗಿಸುವ ಠೇವಣಿ ಇವೆಲ್ಲ ಬೇರೆ ಬೇರೆಯಾಗಿ ರಸೀದಿಯಲ್ಲಿರಲಿ. ಜಿಎಸ್‌ಟಿ ನೋಂದಣಿಯಿರುವ ಹಾಲ್‌ಗಳಲ್ಲಿ ಬಾಡಿಗೆಯ ಮೇಲೆ 18% ಸೇರುತ್ತದೆ, ಹೇಳಿದ ಮೊತ್ತ ಅದನ್ನು ಒಳಗೊಂಡಿದೆಯೇ ಎಂದು ಕೇಳಿ. ದಿನಾಂಕ ಬದಲಾದರೆ ಮುಂಗಡದ ಗತಿಯೇನೆಂಬುದೂ ಬರಹದಲ್ಲಿರಬೇಕು. ವಧು-ವರರ ವಯಸ್ಸಿನ ದಾಖಲೆ ಕೇಳಿದರೆ ಬೇಸರಿಸದೆ ಕೊಡಿ. ಹಾಗೆ ಕೇಳುವ ಮಾಲೀಕರನ್ನು ನಾನು ಗೌರವಿಸುತ್ತೇನೆ, ಏಕೆಂದರೆ ನಮ್ಮ ಭಾಗದಲ್ಲಿ ಬಾಲ್ಯವಿವಾಹ ಇನ್ನೂ ನಿಂತಿಲ್ಲ. ಬಸವ ಜಯಂತಿ, ಅಕ್ಷಯ ತೃತೀಯ ಎರಡೂ ಒಂದೇ ತಿಥಿಯಲ್ಲಿ ಬರುವುದರಿಂದ ಆ ಆಸುಪಾಸಿನ ದಿನಗಳಿಗೆ ಮಂಟಪವೂ ಅಡುಗೆಯವರೂ ಸಿಗುವುದು ಕಷ್ಟ. ತಮ್ಮ ಮುಹೂರ್ತ ಅಲ್ಲಿಗೆ ಬಿದ್ದಿದ್ದರೆ ತಡಮಾಡಬೇಡಿ.

ಇನ್ನು ಆಯ್ಕೆ. ಹಳೆಯ ಮಂಟಪದ ಊಟದ ಮನೆಯಲ್ಲಿ 250ರಿಂದ 300 ಮಂದಿ ಕೂರಲು ಜಾಗವಿದ್ದು, ಮೇಲೆ ಕಾಂಕ್ರೀಟ್ ಚಾವಣಿ, ನೀರಿನ ಭರವಸೆ ಇದ್ದರೆ ಅದನ್ನೇ ಹಿಡಿಯಿರಿ. ಸೊಲ್ಲಾಪುರ, ಬೀದರ್, ಬೆಂಗಳೂರಿನಿಂದ ರೈಲಿಗೆ ಬರುವವರೂ ಬಸ್ ನಿಲ್ದಾಣದಲ್ಲಿ ಇಳಿಯುವವರೂ ಆಟೋ ಹಿಡಿದು ಸುಲಭವಾಗಿ ಬರುತ್ತಾರೆ. ಊರಿನ ಕ್ರೂಸರ್‌ಗಳಿಗೆ ಮಾತ್ರ ಹತ್ತಿರದಲ್ಲಿ ನಿಲುಗಡೆಯ ಜಾಗ ಹುಡುಕಿಡಬೇಕು. ಊಟದ ಮನೆ ಅದಕ್ಕಿಂತ ಚಿಕ್ಕದಾಗಿದ್ದರೆ ರಿಂಗ್ ರಸ್ತೆಯ ಹಾಲ್ ಹಿಡಿದು, ತಮ್ಮ ಊರಿನಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳನ್ನು ಒಪ್ಪಂದದ ಮೇಲೆ ಗೊತ್ತು ಮಾಡಿ. ರೈಲು ನಿಲ್ದಾಣದಿಂದ ಬರುವವರಿಗೆ ಬೆಳಿಗ್ಗೆ ಒಂದೆರಡು ವಾಹನ ಇಟ್ಟರೆ ಸಾಕು.