ಆರೋಗ್ಯ, ದುಡ್ಡು, ಮನೆ, ಮನಸ್ಸು ಎಲ್ಲಾ ಒಟ್ಟಿಗೆ ಸುಧಾರಿಸ್ಕೋಬೇಕು ಅಂದ್ರೆ ಎಲ್ಲಿಂದ ಶುರು ಮಾಡೋದು?

ನಿದ್ದೆಯಿಂದ. ಬೇರೆದೆಲ್ಲಾ ಆಮೇಲೆ ನೋಡ್ಕೊಳ್ಳಿ. ಯಾಕಂದ್ರೆ ರಾತ್ರಿ ನಿದ್ದೆ ಕೆಟ್ರೆ ಮಾರನೇ ದಿನ ಬೋಂಡ ಬಜ್ಜಿ ಕಡೆ ಕೈ ಹೋಗುತ್ತೆ, ವಾಕಿಂಗ್‌ಗೆ ಸೋಮಾರಿತನ, ಮನೇಲಿ ಸಣ್ಣ ಮಾತಿಗೂ ರೇಗಾಟ, ಹೀಗೆ ಒಂದರ ಹಿಂದೆ ಒಂದು ಕೆಡ್ತಾ ಹೋಗುತ್ತೆ.

ನಾನು ಸಂಜೆ 6ಕ್ಕೆ ದೊಡ್ಡ ಲೋಟದಲ್ಲಿ ಫಿಲ್ಟರ್ ಕಾಫಿ ಕುಡಿದು, ರಾತ್ರಿ 12 ಆದ್ರೂ ಫೋನ್ ತೀಡ್ತಾ ಬಿದ್ದಿರ್ತಿದ್ದೆ, ತಪ್ಪೆಲ್ಲಾ ಫೋನ್‌ದೇ ಅಂದ್ಕೊಂಡಿದ್ದೆ. ಆದ್ರೆ ಕುಡಿದ ಕೆಫೀನ್ ಅರ್ಧಕ್ಕೆ ಇಳಿಯೋಕೇ ಸುಮಾರು 5 ಗಂಟೆ ಬೇಕು, ಅಂದ್ರೆ 11 ಗಂಟೆಗೂ ಅರ್ಧ ಲೋಟ ಮೈಯಲ್ಲೇ ಇತ್ತು ಅಂತಾಯ್ತು! ಈಗ ಮಧ್ಯಾಹ್ನ 2ರ ಮೇಲೆ ಕಾಫಿ ಬಂದ್ (ನೆಂಟ್ರ ಮನೇಲಿ ಮಾತ್ರ ವಿನಾಯ್ತಿ, ಅಲ್ಲಿ ಬೇಡ ಅಂದ್ರೆ ಮುಖ ಊದಿಸ್ಕೊತಾರೆ).

ವ್ಯಾಯಾಮಕ್ಕೆ ಜಿಮ್ ಫೀಸ್ ಕಟ್ಲೇಬೇಕು ಅಂತೇನಿಲ್ಲ, ವಿಶ್ವ ಆರೋಗ್ಯ ಸಂಸ್ಥೆ ದೊಡ್ಡೋರಿಗೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾದ ನಡಿಗೆ ಥರದ್ದು, ದಿನಕ್ಕೆ ಇಪ್ಪತ್ತು ಚಿಲ್ಲರೆ ನಿಮಿಷ ಅಷ್ಟೇ, ಬಸ್ ಒಂದು ಸ್ಟಾಪ್ ಮುಂಚೆ ಇಳಿದ್ರೂ ಅದ್ರಲ್ಲಿ ಸ್ವಲ್ಪ ಆಗೋಗುತ್ತೆ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ ಅಂತಾರೆ, ಅಂದ್ರೆ ಒಂದು ಟೀ ಚಮಚ, ಅದ್ರಲ್ಲೇ ಉಪ್ಪಿನಕಾಯಿ ಹಪ್ಪಳನೂ ಸೇರ್ಬೇಕು, ಇದು ನಮ್ಮಂಥೋರಿಗೆ ನಿಜಕ್ಕೂ ಕಷ್ಟ.

ದುಡ್ಡಿನ ವಿಷ್ಯ ಹೇಳ್ಬೇಕಂದ್ರೆ ಸಂಬಳ ಬಂದ ದಿನವೇ ಸ್ವಲ್ಪ ಆರ್‌ಡಿಗೆ (ತಿಂಗಳು ತಿಂಗಳು ಕಟ್ಟೋ ಬ್ಯಾಂಕ್ ಠೇವಣಿ) ತಾನಾಗೇ ಕಟ್ ಆಗೋ ಹಾಗೆ ಮಾಡಿ, ತಿಂಗಳ ಕೊನೇಲಿ ಉಳಿಸ್ತೀನಿ ಅಂದೋರು ಉಳಿಸಿದ್ದು ನಾನಂತೂ ನೋಡಿಲ್ಲ.